ಗಂಟಲು ನೋವಿನಿಂದ ಶುರುವಾದದ್ದು

ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೊರಟಾಗ ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಟ್ಟರು. ಐದು ಕಿಲೋಗಿಂತ ಹೆಚ್ಚು ಭಾರ ಎತ್ತಬೇಡಿ, ಕೈ ಊರಿ ಮೇಲೇಳಬೇಡಿ, ಮಗ್ಗುಲಾಗಿ ಮಲಗಬೇಡಿ, ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ, ಮೂರು ತಿಂಗಳು ಸ್ಕೂಟರ್ ಹತ್ತಬೇಡಿ. ಎದೆಯ ನಡುಮೂಳೆಯನ್ನು ಉದ್ದಕ್ಕೆ ಕೊಯ್ದು, ಒಳಗಿನ ಕೆಲಸವಾದ ಮೇಲೆ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಕೈ ಮುರಿದರೆ ಪಟ್ಟು ಹಾಕಿ ಅಲುಗದಂತೆ ಇಡಬಹುದು. ಎದೆಮೂಳೆಗೆ ಆ ವಿಶ್ರಾಂತಿ ಇಲ್ಲ. ಪ್ರತಿ ಉಸಿರಿಗೂ ಅಲುಗುತ್ತಲೇ ಅದು ಕೂಡಿಕೊಳ್ಳಬೇಕು.

ಹಿಟ್ಟು ತೊಳಸುವ ವಿಚಾರ ಆ ಹಾಳೆಯಲ್ಲಿ ಇರಲಿಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ರಾಗಿಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. ಕುದಿಯುವ ಎಸರಿಗೆ ರಾಗಿಹಿಟ್ಟು ಹಾಕಿ, ಪಾತ್ರೆಯನ್ನು ಕವೆಗೋಲಿನಿಂದ ಅದುಮಿಟ್ಟುಕೊಂಡು, ಗಂಟಾಗದಂತೆ ದೊಣ್ಣೆಯಿಂದ ತೊಳಸುವಾಗ ಬಲವೆಲ್ಲ ಭುಜದಿಂದ, ಎದೆಯಿಂದ ಬರಬೇಕು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಹಿಟ್ಟು ತೊಳಸಿದವಳು ನಾನೇ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಂದು ಸಲ, ರಾತ್ರಿ ಇನ್ನೊಂದು ಸಲ. ಆಸ್ಪತ್ರೆಯಿಂದ ಬಂದ ಮೊದಲ ರಾತ್ರಿ, ಎಪ್ಪತ್ತು ದಾಟಿದ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಲೆ ಮುಂದೆ ಕೂತರು. ದೊಣ್ಣೆ ತಿರುಗುವ ಸದ್ದು ಕೋಣೆಗೆ ಕೇಳುತ್ತಿತ್ತು. ನಡುನಡುವೆ ಅವರು ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ನನಗೆ ಎದ್ದು ಹೋಗಬೇಕೆನಿಸಿತು. ಏಳಬೇಕೆಂದರೂ ಯಾರಾದರೂ ಬೆನ್ನ ಹಿಂದೆ ಕೈ ಕೊಟ್ಟು ಎಬ್ಬಿಸಬೇಕು.

ಅದು 2022ರ ನವೆಂಬರ್. ನನಗೆ ಆಗ ನಲವತ್ನಾಲ್ಕು ವರ್ಷ. ಎಡಭಾಗದ ಮೈಟ್ರಲ್ ಕವಾಟ ತೆಗೆದು ಕೃತಕ ಕವಾಟ ಕೂರಿಸಿದ್ದರು. ಆಪರೇಷನ್ ಸಕ್ಸಸ್ ಎಂದು ನೋಡಲು ಬಂದವರೆಲ್ಲ ಹೇಳಿ ಹೋದರು. ಅದು ನಿಜವೂ ಹೌದು, ಅದಕ್ಕೆ ಕಾರಣರಾದವರ ಋಣ ನನ್ನ ಮೇಲಿದೆ. ಆದರೆ ಚಿಕಿತ್ಸೆ ಎನ್ನುವುದು ಆ ಆರು ತಾಸಿನಲ್ಲಿ ಮುಗಿಯಲಿಲ್ಲ. ಮುಂದಿನ ಒಂದು ವರ್ಷವೇ ನಿಜವಾದ ಚಿಕಿತ್ಸೆ ಎಂದು ನಾನು ನಂಬುತ್ತೇನೆ. ಅದನ್ನು ಮಾಡಿದವರಲ್ಲಿ ಹೆಚ್ಚಿನವರು ವೈದ್ಯರಲ್ಲ.

ನಮ್ಮತ್ತೆಯದನ್ನೇ ಮೊದಲು ಹೇಳಬೇಕು. ನಾವಿಬ್ಬರೂ ಜಗಳವಾಡಿದವರಲ್ಲ, ಹತ್ತಿರದವರೂ ಆಗಿರಲಿಲ್ಲ. ಅವರಿಗೆ ಗೊತ್ತಿದ್ದ ಆರೈಕೆ ಒಂದೇ, ಬಾಣಂತಿಯದು. ಅದನ್ನೇ ನನಗೆ ಮಾಡಿದರು. ಕಿವಿಗೆ ಬಟ್ಟೆ ಕಟ್ಟಿದರು. ಗಾಳಿ ಬಾರದಂತೆ ಕಿಟಕಿ ಹಾಕಿದರು. ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಹರಳೆಣ್ಣೆ ಹಚ್ಚಿ ಹಂಡೆ ನೀರು ಹಾಕುತ್ತೇನೆಂದು ನಿಂತಾಗ ನನ್ನ ಮಗಳು ಹಾಳೆ ಹಿಡಿದುಕೊಂಡು ಬಂದು ಅಡ್ಡ ನಿಂತಳು. "ಅಜ್ಜೀ, ಗಾಯಕ್ಕೆ ಎಣ್ಣೆ ತಾಗಂಗಿಲ್ಲ, ಬಿಸಿನೀರು ಎದೆ ಮೇಲೆ ಹುಯ್ಯಂಗಿಲ್ಲ." ಅಜ್ಜಿ ಒಪ್ಪಿದರು, ಆದರೆ ತಲೆಗೆ ನೀರು ಹಾಕುವುದನ್ನು ಬಿಟ್ಟುಕೊಡಲಿಲ್ಲ. ಕೈ ಮೇಲೆತ್ತಿ ಜಡೆ ಹೆಣೆದುಕೊಳ್ಳಲು ಆಗದ ನನ್ನನ್ನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ, ಎದೆಗೆ ಒಣ ಟವೆಲ್ ಹೊದಿಸಿ, ಸೀಗೆಪುಡಿ ಹಾಕಿ ತೊಳೆದರು. ಆ ಹೆಂಗಸಿನ ಬೆರಳುಗಳು ಅಷ್ಟು ಮೆತ್ತಗೆ ಇರಬಹುದೆಂದು ಅಷ್ಟು ವರ್ಷ ಒಂದೇ ಸೂರಿನಡಿ ಬದುಕಿದ್ದರೂ ನನಗೆ ಗೊತ್ತಿರಲಿಲ್ಲ.

ತೀವ್ರ ನಿಗಾ ಘಟಕದ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ, ನೆನಪು ತುಂಡು ತುಂಡಾಗಿದೆ. ಹೃದಯವನ್ನು ನಿಲ್ಲಿಸಿ, ಅಷ್ಟು ಹೊತ್ತು ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಮತ್ತೆ ಹೃದಯ ಬಡಿಯುವಂತೆ ಮಾಡುತ್ತಾರೆ. ಅಮೆರಿಕದ ಜಾನ್ ಗಿಬ್ಬನ್ ಅಂಥ ಯಂತ್ರವನ್ನು ಮನುಷ್ಯರ ಮೇಲೆ ಬಳಸಿ ಗೆದ್ದದ್ದು 1953ರಲ್ಲಿ, ಹದಿನೆಂಟು ವರ್ಷದ ಹುಡುಗಿಯೊಬ್ಬಳ ಹೃದಯದ ರಂಧ್ರ ಮುಚ್ಚಿದಾಗ. ನಾನು ಕಣ್ಣು ಬಿಟ್ಟಾಗ ಗಂಟಲಲ್ಲಿ ಕೊಳವೆ ಇತ್ತು, ಮಾತು ಹೊರಡಲಿಲ್ಲ. ಆಮೇಲೆ ಮೂರು ಚೆಂಡಿರುವ ಪ್ಲಾಸ್ಟಿಕ್ ಸಾಧನ ಕೊಟ್ಟು ಉಸಿರೆಳೆದು ಚೆಂಡು ಮೇಲೇರಿಸಿ ಎಂದರು. ಶ್ವಾಸಕೋಶದ ಮೂಲೆಗಳು ಮತ್ತೆ ಬಿಚ್ಚಿಕೊಳ್ಳಲಿ ಎಂದು. ಮೊದಲ ಚೆಂಡು ಏಳುವುದೇ ಕಷ್ಟವಾಗಿತ್ತು.

ಈ ಕಾಯಿಲೆ ಎಲ್ಲಿಂದ ಬಂತು ಎಂದು ಬಹಳ ಜನ ಕೇಳಿದರು. ಎಣ್ಣೆ ಪದಾರ್ಥ ಜಾಸ್ತಿ ತಿಂದಿದ್ದೀರಾ, ಟೆನ್ಷನ್ ಮಾಡಿಕೊಂಡಿದ್ದೀರಾ ಎಂದರು. ಹೃದಯದ ಕಾಯಿಲೆ ಎಂದರೆ ರಕ್ತನಾಳ ಕಟ್ಟಿಕೊಳ್ಳುವುದು ಎಂದಷ್ಟೇ ಎಲ್ಲರಿಗೂ ಗೊತ್ತು. ನನ್ನದು ಬಂದದ್ದು ಗಂಟಲಿನಿಂದ.

ಮೂರನೇ ಇಲ್ಲವೇ ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನಗೆ ಮತ್ತೆ ಮತ್ತೆ ಗಂಟಲು ನೋವು ಬರುತ್ತಿತ್ತು. ಒಂದು ಸಲ ಅದು ವಾಸಿಯಾಗಿ ಎರಡು ಮೂರು ವಾರಕ್ಕೆ ಜ್ವರ ಬಂದು ಮಂಡಿ ಊದಿಕೊಂಡಿತು. ಮಂಡಿ ಇಳಿಯಿತು ಎನ್ನುವಷ್ಟರಲ್ಲಿ ಹಿಮ್ಮಡಿ ಗಂಟು, ಆಮೇಲೆ ಮೊಣಕೈ. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಬೆಳೆಯುವ ಮಕ್ಕಳಿಗೆ ಕಾಲು ಹರಿಯುತ್ತದೆ ಎಂದರು ಊರಿನವರು. ಅಮ್ಮ ಹರಳೆಣ್ಣೆ ಬಿಸಿ ಮಾಡಿ ನೀವಿದಳು. ದೃಷ್ಟಿ ತೆಗೆದಳು. ಕೆಲವು ವಾರಗಳಲ್ಲಿ ಎಲ್ಲ ತಾನಾಗಿಯೇ ಹೋಯಿತು. ಮಂಡಿಯಲ್ಲಿ ಒಂದು ಗುರುತೂ ಉಳಿಯಲಿಲ್ಲ.

ಇದಕ್ಕೆ ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಒಂದು ಗುಂಪು ಮಕ್ಕಳ ಗಂಟಲಿನಲ್ಲಿ ಸೋಂಕು ಉಂಟುಮಾಡುತ್ತದೆ. ಅದನ್ನು ಎದುರಿಸಲು ಮೈ ತಯಾರಿಸುವ ರಕ್ಷಣೆ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ತಮ್ಮದೇ ಕೀಲು, ತಮ್ಮದೇ ಹೃದಯದ ಮೇಲೆ ತಿರುಗುತ್ತದೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲು ಪೂರ್ತಿ ಸರಿಹೋಗುತ್ತದೆ. ಹೃದಯದ ಕವಾಟ ಹಾಗಲ್ಲ. ಅದು ವರ್ಷಗಟ್ಟಲೆ ಸದ್ದಿಲ್ಲದೆ ದಪ್ಪಗಾಗುತ್ತ, ಅಂಚುಗಳು ಅಂಟಿಕೊಳ್ಳುತ್ತ ಬರುತ್ತದೆ. ಇಕ್ಕಟ್ಟಾದ ಮನೆ, ಒಂದೇ ಚಾಪೆಯಲ್ಲಿ ಮಲಗುವ ನಾಲ್ಕೈದು ಮಕ್ಕಳು, ದೂರದ ಆಸ್ಪತ್ರೆ, ಇವೆಲ್ಲ ಇರುವಲ್ಲಿ ಇದು ಹೆಚ್ಚು. ಶ್ರೀಮಂತ ದೇಶಗಳಲ್ಲಿ ಇದು ಹೆಚ್ಚುಕಡಿಮೆ ಕಾಣೆಯಾಗಿದೆ. ನಮ್ಮಲ್ಲಿ ಇನ್ನೂ ಇದೆ. ಆ ಗಂಟಲು ನೋವಿಗೆ ಸರಿಯಾದ ಹೊತ್ತಿಗೆ ಪೆನ್ಸಿಲಿನ್ ಬಿದ್ದಿದ್ದರೆ ಮುಂದಿನದು ಯಾವುದೂ ಆಗದೆ ಹೋಗಬಹುದಿತ್ತು. ಪೆನ್ಸಿಲಿನ್ ಆಗಲೂ ಅಗ್ಗ, ಈಗಲೂ ಅಗ್ಗ.

ನನಗೆ ಇದೆಲ್ಲ ಗೊತ್ತಾದದ್ದು 2004ರಲ್ಲಿ, ಮಗಳನ್ನು ಹೊತ್ತಿದ್ದಾಗ. ಐದನೇ ತಿಂಗಳು ತುಂಬುವ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಬಸುರಿಯರಿಗೆ ಇದೆಲ್ಲ ಮಾಮೂಲು ಎಂದರು. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಹತ್ತಿರಹತ್ತಿರ ಒಂದೂವರೆ ಪಟ್ಟಾಗುತ್ತದೆ. ಕವಾಟ ಕಿರಿದಾಗಿದ್ದರೆ ಅಷ್ಟು ರಕ್ತ ದಾಟಲಾರದೆ ಹಿಂದೆ ನಿಂತು ಶ್ವಾಸಕೋಶಕ್ಕೆ ಒತ್ತುತ್ತದೆ. ಅದುವರೆಗೆ ಅಡಗಿದ್ದ ಕಾಯಿಲೆ ಎಷ್ಟೋ ಹೆಣ್ಣುಮಕ್ಕಳಲ್ಲಿ ಹೊರಬೀಳುವುದು ಬಸಿರಿನಲ್ಲೇ. ತಿಪಟೂರಿನ ವೈದ್ಯೆಯೊಬ್ಬರು ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡು, ಏನೂ ಮಾತಾಡದೆ ಚೀಟಿ ಬರೆದು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಿದರು. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ದಾರಿ ನನ್ನಲ್ಲಿ ಒಂದಕ್ಕೂ ಕಡಿಮೆ ಇತ್ತು. ತೊಡೆಯ ರಕ್ತನಾಳದಿಂದ ತೆಳ್ಳಗಿನ ಕೊಳವೆ ತೂರಿಸಿ, ತುದಿಯ ಬಲೂನನ್ನು ಕವಾಟದ ನಡುವೆ ಉಬ್ಬಿಸಿ, ಅಂಟಿಕೊಂಡ ಅಂಚುಗಳನ್ನು ಬಿಡಿಸಿದರು. ಜಪಾನಿನ ಇನೌಯೆ ಎಂಬ ವೈದ್ಯರು 1980ರ ದಶಕದಲ್ಲಿ ರೂಪಿಸಿದ ವಿಧಾನವಂತೆ ಅದು. ಬಲೂನು ಇಳಿದ ಸ್ವಲ್ಪ ಹೊತ್ತಿಗೇ ಉಸಿರು ಸರಾಗವಾಯಿತು. ಮಗಳು ಆರೋಗ್ಯವಾಗಿ ಹುಟ್ಟಿದಳು.

ಜಯದೇವದಲ್ಲಿ ವೈದ್ಯರು ಚಿತ್ರ ಬರೆದು ಕಾಯಿಲೆಯ ಮೂಲ ವಿವರಿಸುವಾಗ ಅಮ್ಮ ನನ್ನ ಪಕ್ಕದಲ್ಲಿದ್ದಳು. ಚಿಕ್ಕಂದಿನಲ್ಲಿ ಗಂಟಲು ನೋವು, ಮಂಡಿ ಊತ ಬಂದಿತ್ತಾ ಎಂದು ಅವರು ಕೇಳಿದ್ದೇ ತಡ ಅವಳ ಮುಖ ಬದಲಾಯಿತು. ಹೊರಗೆ ಕಾರಿಡಾರಿಗೆ ಬಂದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು.

"ಗಂಟ್ಲು ನೋವು ಅಂದಾಗ ಉಪ್ಪುನೀರು ಮುಕ್ಕಳಿಸು ಅಂದಿದ್ದೆ ಕಣವ್ವ. ಅಷ್ಟೇ ಅಲ್ವಾ ಎಲ್ರೂ ಮಾಡ್ತಿದ್ದುದು?" ಅಂದಳು.

ಅಷ್ಟೇ ಎಲ್ಲರೂ ಮಾಡುತ್ತಿದ್ದುದು. ಹತ್ತಿರದ ಆಸ್ಪತ್ರೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಗಂಟಲು ನೋವಿಗೆ ಯಾರು ಅಷ್ಟು ದೂರ ಹೋಗುತ್ತಿದ್ದರು? ಅವಳಿಗೆ ಇದನ್ನು ಹೇಳಿದೆ, ಆಮೇಲೂ ಎಷ್ಟೋ ಸಲ ಹೇಳಿದೆ. ಅವಳು ತಲೆಯಾಡಿಸುತ್ತಾಳೆ, ಆದರೆ ಮನಸ್ಸಿಗೆ ಹಚ್ಚಿಕೊಂಡದ್ದನ್ನು ಬಿಟ್ಟಿಲ್ಲ. 2022ರಲ್ಲಿ ಆಪರೇಷನ್ ಥಿಯೇಟರಿಗೆ ಹೋಗುವ ಮುನ್ನ ನನ್ನ ಮಂಡಿ ಹಿಡಿದುಕೊಂಡು ನಿಂತಿದ್ದಳು. ಕೈಯನ್ನಲ್ಲ, ಮಂಡಿಯನ್ನು. ತಾಯಿಯ ಮೇಲೆ ಹೊರೆ ಹೊರಿಸುವ ಕಾಯಿಲೆಗಳಲ್ಲಿ ಇದು ಒಂದು. ಆ ಹೊರೆ ನ್ಯಾಯದ್ದಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಬಲೂನು ಹದಿನೆಂಟು ವರ್ಷ ಕಾಯಿತು. ಆಮೇಲೆ ಕವಾಟ ಸುಣ್ಣಗಟ್ಟಿ ಮತ್ತೆ ಕಿರಿದಾಯಿತು, ಜತೆಗೆ ಸೋರತೊಡಗಿತು. ಇನ್ನು ಬದಲಿಸಲೇಬೇಕು ಎಂದರು. ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟ ಹಾಕಿಸಿಕೊಂಡರೆ ರಕ್ತ ತೆಳುವಾಗಿಸುವ ಮಾತ್ರೆಯ ಕಾಟ ಕಡಿಮೆ, ಆದರೆ ನನ್ನ ವಯಸ್ಸಿನವರಲ್ಲಿ ಅದು ಸವೆದು ಇನ್ನೊಮ್ಮೆ ಎದೆ ತೆರೆಯಬೇಕಾದೀತು. ಯಾಂತ್ರಿಕ ಕವಾಟ ಬಹುಕಾಲ ಬಾಳುತ್ತದೆ, ಮಾತ್ರೆ ಮಾತ್ರ ಜೀವನಪೂರ್ತಿ. ನಾವು ಯಾಂತ್ರಿಕವನ್ನೇ ಒಪ್ಪಿದೆವು. ನಾನು ಸರ್ಕಾರಿ ಶಾಲೆಯ ಶಿಕ್ಷಕಿಯಾದ್ದರಿಂದ ಜ್ಯೋತಿ ಸಂಜೀವಿನಿ ಯೋಜನೆ ಖರ್ಚು ನೋಡಿಕೊಂಡಿತು.

ನನ್ನೊಳಗೆ ಇರುವುದು ಚಿತ್ರಾ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ತಯಾರಾದದ್ದು. ವಿದೇಶಿ ಕವಾಟ ಕೊಳ್ಳಲಾರದ ಬಡ ರೋಗಿಗಳು, ಅದರಲ್ಲೂ ಗಂಟಲು ನೋವಿನಿಂದ ಹೃದಯ ಕೆಡಿಸಿಕೊಂಡ ನನ್ನಂಥವರು, ಇಲ್ಲಿ ಎಷ್ಟೊಂದು ಮಂದಿ ಇದ್ದರು ಎಂಬುದೇ ಆ ಕೆಲಸಕ್ಕೆ ಪ್ರೇರಣೆ. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದು 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ಮನುಷ್ಯರ ಹೃದಯ ಸೇರಿತು. ಲೋಹದ ಚೌಕಟ್ಟಿನೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದೇ ಬಿಲ್ಲೆ. ಪ್ರತಿ ಬಡಿತಕ್ಕೂ ವಾಲಿ ತೆರೆಯುತ್ತದೆ, ಮರಳಿ ಮುಚ್ಚುತ್ತದೆ. ನಿಮಿಷಕ್ಕೆ ಎಪ್ಪತ್ತು ಬಡಿತ ಎಂದಿಟ್ಟುಕೊಂಡರೆ ದಿನಕ್ಕೆ ಒಂದು ಲಕ್ಷ ಸಲಕ್ಕೂ ಮೇಲೆ. ಐದನೇ ಕ್ಲಾಸಿನ ಮಕ್ಕಳಿಗೆ ಗುಣಾಕಾರದ ಲೆಕ್ಕವಾಗಿ ಇದನ್ನು ಕೊಟ್ಟಿದ್ದೇನೆ. ಆ ಸಂಸ್ಥೆಯ ಪ್ರಯೋಗಾಲಯದಲ್ಲಿ ಸೋಲಿನ ಮೇಲೆ ಸೋಲು ಕಂಡರೂ ಬಿಡದೆ ಕೂತ ಎಂಜಿನಿಯರುಗಳ ಹೆಸರುಗಳು ನನಗೆ ಗೊತ್ತಿಲ್ಲ. ಆದರೂ ರಾತ್ರಿ ಮಲಗುವಾಗ ಅವರನ್ನು ನೆನೆಯುತ್ತೇನೆ.

ಮಾತ್ರೆಯ ಕಥೆ ದೊಡ್ಡದು. ಹೊರಗಿನ ವಸ್ತುವಿನ ಮೇಲೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಬಿಲ್ಲೆಗೆ ಅಡ್ಡಬಂದರೆ ಕವಾಟ ಸಿಕ್ಕಿಕೊಳ್ಳುತ್ತದೆ, ಹರಿದು ಮಿದುಳಿಗೆ ಹೋದರೆ ಲಕ್ವ. ಅದಕ್ಕಾಗಿ ಅಸಿಟ್ರಾಮ್ ಎಂಬ ಮಾತ್ರೆ. ಒಂದು ದಿನ ಎರಡು ಮಿಲಿಗ್ರಾಂ, ಮರುದಿನ ಮೂರು, ಸಂಜೆ ಒಂದೇ ಹೊತ್ತಿಗೆ. ಜಾಸ್ತಿಯಾದರೆ ರಕ್ತಸ್ರಾವ. ಎಷ್ಟು ಬೇಕೆಂದು ಹೇಳುವುದು ಐ.ಎನ್.ಆರ್. ಎಂಬ ರಕ್ತಪರೀಕ್ಷೆ. ಮಾತ್ರೆ ತೆಗೆದುಕೊಳ್ಳದವರಿಗೆ ಅದು ಸುಮಾರು ಒಂದು. ನನಗೆ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಅದೇ ಕುಲದ ಇನ್ನೊಂದು ಔಷಧ ವಾರ್ಫರಿನ್ ಬಂದ ಬಗೆಯನ್ನು ಮಗಳು ಓದಿ ಹೇಳಿದಳು. 1920ರ ದಶಕದಲ್ಲಿ ಕೆನಡಾ, ಅಮೆರಿಕದ ಉತ್ತರ ಭಾಗಗಳಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಒಣಮೇವು ತಿಂದ ದನಗಳು ರಕ್ತ ನಿಲ್ಲದೆ ಸತ್ತವು. ಆ ಮೇವಿನಲ್ಲಿದ್ದುದನ್ನು ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಬೇರ್ಪಡಿಸಿತು. ಅದರ ಬೆನ್ನಲ್ಲೇ ಬಂದ ವಾರ್ಫರಿನ್ 1948ರಲ್ಲಿ ಮೊದಲು ಇಲಿಪಾಷಾಣವಾಗಿ ಮಾರಾಟಕ್ಕೆ ಬಂತು, ಕೆಲವೇ ವರ್ಷಗಳಲ್ಲಿ ಮನುಷ್ಯರ ಔಷಧವೂ ಆಯಿತು. ದನ ಸಾಕಿದವರಾದ ನಮ್ಮತ್ತೆ ಇದನ್ನು ಗಮನವಿಟ್ಟು ಕೇಳಿ, "ಪಾಪ, ಎಷ್ಟು ದನ ಹೋದ್ವೋ" ಎಂದರು.

ಈ ಮಾತ್ರೆ ಕೆಲಸ ಮಾಡುವುದು ವಿಟಮಿನ್ ಕೆ-ಯನ್ನು ತಡೆದು. ವಿಟಮಿನ್ ಕೆ ತುಂಬಿರುವುದು ಹಸಿರು ಸೊಪ್ಪಿನಲ್ಲಿ. ನಮ್ಮ ಮನೆ ನಡೆಯುವುದೇ ಸೊಪ್ಪಿನ ಮೇಲೆ. ಬಸ್ಸಾರು, ಮಸೊಪ್ಪು, ಉಪ್ಪೆಸರು, ನುಗ್ಗೆಸೊಪ್ಪಿನ ಪಲ್ಯ. ಮಳೆ ಬಿದ್ದರೆ ಹೊಲದ ಬದುವಿನಿಂದ ಬೆರಕೆ ಸೊಪ್ಪು: ಅಣ್ಣೆ, ಗೋಣಿ, ಹೊನಗೊನ್ನೆ, ಕೀರೆ, ಗಣಿಕೆ. "ಸೊಪ್ಪು ಮುಟ್ಟಲೇಬೇಡಿ" ಎಂದು ಒಬ್ಬರು ಹೇಳಿದರು. ಆ ಮಾತು ಕೇಳಿ ಮನೆಯವರೆಲ್ಲ ಸೊಪ್ಪು ಬಿಟ್ಟರು. ಮನೆಗೇ ಬಾಯಿ ಕೆಟ್ಟಂತಾಯಿತು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ವೈದ್ಯರು ಇದನ್ನು ಸರಿಪಡಿಸಿದರು. ಬಿಡಬೇಕಾಗಿಲ್ಲ, ಏರುಪೇರು ಮಾಡಬಾರದು. ವಾರದಲ್ಲಿ ಎಷ್ಟು ತಿನ್ನುತ್ತೀರೋ ಪ್ರತಿ ವಾರ ಅಷ್ಟೇ ತಿನ್ನಿ, ಅದಕ್ಕೆ ತಕ್ಕಂತೆ ಮಾತ್ರೆಯನ್ನು ನಾವು ಕೂರಿಸುತ್ತೇವೆ ಎಂದರು. ಇದು ಪ್ರತಿ ರೋಗಿಗೂ ಮೊದಲ ದಿನವೇ ತಿಳಿಯಬೇಕಾದ ವಿಷಯ. ಎಷ್ಟು ಮನೆಗಳಲ್ಲಿ ಹೆಂಗಸರು ಸುಮ್ಮನೆ ಸೊಪ್ಪು ಬಿಟ್ಟು ಅನ್ನ ಸಾರಿನಲ್ಲಿ ಕಾಲ ಹಾಕುತ್ತಿದ್ದಾರೋ.

ಅಲ್ಲಿಂದ ಮುಂದೆ ಸೊಪ್ಪಿನ ಲೆಕ್ಕ ಅತ್ತೆಯ ಪಾಲಿಗೆ ಬಂತು. ಅವರಿಗೆ ಓದು ಬಾರದು. ಗೋಡೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಸೊಪ್ಪು ಮಾಡಿದ ದಿನ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ವಾರಕ್ಕೆ ಮೂರು ಗೆರೆ. ಒಂದು ಬಟ್ಟಲು ಇಟ್ಟುಕೊಂಡು ನನ್ನ ಪಾಲು ಅದರಲ್ಲೇ ಅಳೆದು ಹಾಕುತ್ತಿದ್ದರು. ಅದೇ ಚೌಕದಲ್ಲಿ ಮಗಳು ನೀಲಿ ಪೆನ್ನಿನಲ್ಲಿ ಐ.ಎನ್.ಆರ್. ಬರೆಯುತ್ತಿದ್ದಳು, ನಮ್ಮ ಮನೆಯವರು ಮಾತ್ರೆ ಕೊಟ್ಟದ್ದಕ್ಕೆ ಚುಕ್ಕಿ ಇಡುತ್ತಿದ್ದರು. 2023ರ ಆ ಕ್ಯಾಲೆಂಡರನ್ನು ಎತ್ತಿಟ್ಟಿದ್ದೇನೆ. ಹಬ್ಬ ಅಮಾವಾಸ್ಯೆಗಳ ಮೇಲೆಲ್ಲ ಗೆರೆ, ಚುಕ್ಕಿ, ಅಂಕಿ.

ಬೇಸಿಗೆಯಲ್ಲಿ ಒಮ್ಮೆ ಲೆಕ್ಕ ತಪ್ಪಿತು. ಭೇದಿ ಶುರುವಾಗಿ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಕವಾಟದ ವಿಷಯ, ಅಸಿಟ್ರಾಮ್ ವಿಷಯ ಎರಡನ್ನೂ ನಮ್ಮ ಮನೆಯವರು ಹೇಳಿದ್ದರು. ಆದರೂ ಬರೆದು ಕೊಟ್ಟದ್ದು ಮೆಟ್ರೊನಿಡಜೋಲ್. ಅದು ರಕ್ತ ತೆಳುವಾಗಿಸುವ ಮಾತ್ರೆಯ ಬಲವನ್ನು ಬಹಳ ಹೆಚ್ಚಿಸುತ್ತದೆ. ಮೂರನೇ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ ನಿಲ್ಲಲಿಲ್ಲ. ತೋಳಿನ ಮೇಲೆ ಏಟು ಬೀಳದೆಯೇ ನೀಲಿ ಕಲೆ. ಐ.ಎನ್.ಆರ್. ಆರು ದಾಟಿತ್ತು. ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾತ್ರೆ ನಿಲ್ಲಿಸಿ, ಮರುದಿನ ಮತ್ತೆ ಪರೀಕ್ಷಿಸಿ, ದಿನ ಬಿಟ್ಟು ದಿನ ಪರೀಕ್ಷಿಸುತ್ತ ಇಳಿಸಿಕೊಂಡದ್ದಾಯಿತು. ಈಗ ಯಾವ ಚೀಟಿ ಬಂದರೂ ಮಗಳು ಔಷಧದ ಅಂಗಡಿಗೆ ಹೋಗುವ ಮುಂಚೆ ಬೆಂಗಳೂರಿಗೆ ಕೇಳುತ್ತಾಳೆ. ಕವಾಟ ಹಾಕಿಸಿಕೊಂಡವರ ಕೈಯಲ್ಲಿ ಇಂಥ ಔಷಧಗಳ ಹೆಸರು ಕನ್ನಡದಲ್ಲಿ ಬರೆದ ಒಂದು ಚೀಟಿ ಇರಲೇಬೇಕು.

ಇನ್ನೊಂದು ವಿಷಯ ಯಾರೂ ಮುಂಚೆ ಹೇಳಿರಲಿಲ್ಲ. ಆಪರೇಷನ್ ಆದ ಎರಡನೇ ತಿಂಗಳಿನಿಂದ ನನಗೆ ಅಳು ಬರತೊಡಗಿತು. ಗಾಯ ಒಣಗಿತ್ತು, ನೋವು ತಗ್ಗಿತ್ತು, ಅವರೆಕಾಯಿ ಕಾಲ, ಮನೆಯೆಲ್ಲ ಸೊನೆಯ ವಾಸನೆ. ಹಿತಕಲು ಅವರೆ ನೆನೆಹಾಕಿದ ಪಾತ್ರೆ ಮುಂದಿಟ್ಟರೆ ಹಿತುಕುತ್ತ ಹಿತುಕುತ್ತ ಕಣ್ಣೀರು ಸುರಿಯುತ್ತಿತ್ತು. ಕಾರಣ ಹೇಳಲು ಬರುತ್ತಿರಲಿಲ್ಲ. ಓದಿದ ಪುಟ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಪಾಠ ಮಾಡುವವಳಿಗೆ ಅದು ದೊಡ್ಡ ಭಯ. ರಾತ್ರಿ ಮನೆ ಸ್ತಬ್ಧವಾದರೆ ಎದೆಯೊಳಗಿನ ಟಿಕ್ ಟಿಕ್ ಕೇಳುತ್ತಿತ್ತು. ಬಿಲ್ಲೆ ಮುಚ್ಚುವ ಸದ್ದು ಅದು. ಅದು ನಿಂತುಹೋದರೆ ಎಂದು ಕಾಯುತ್ತ ಮಲಗುತ್ತಿದ್ದೆ. ಪರೀಕ್ಷೆಗೆ ಹೋದಾಗ ನರ್ಸಮ್ಮ ಒಬ್ಬರು ಇದನ್ನು ಕೇಳಿಸಿಕೊಂಡು, "ಎದೆ ಆಪರೇಷನ್ ಆದವರಲ್ಲಿ ಬಹಳ ಜನಕ್ಕೆ ಹೀಗಾಗತ್ತಮ್ಮ, ತಿಂಗಳುಗಟ್ಟಲೆ ಇರತ್ತೆ, ಡಾಕ್ಟ್ರಿಗೆ ಹೇಳ್ಕೊಳ್ಳಿ, ಇದೂ ಕಾಯಿಲೇನೇ" ಎಂದರು. ಹೇಳಿಕೊಂಡೆ. ಅವರು ಮಾತಾಡಿ, ದಿನಾ ನಡೆಯುವ ಲೆಕ್ಕ ಹಾಕಿಕೊಟ್ಟರು. ಮೊದಲು ಹಿತ್ತಿಲವರೆಗೆ, ಆಮೇಲೆ ತೋಟದ ಬಾವಿಯವರೆಗೆ, ಆಮೇಲೆ ಕೆರೆ ಏರಿಯವರೆಗೆ. ನಮ್ಮ ಮನೆಯವರು ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ಬರುತ್ತಿದ್ದರು. ಆ ವರ್ಷ ಅವರಿಗೂ ಒಳ್ಳೆಯದಿರಲಿಲ್ಲ. ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಅಟ್ಟದ ಮೇಲೆ ಕಾಯಿ ಹಾಗೇ ಇತ್ತು. ಏರಿಯ ಮೇಲೆ ನಡೆಯುವಾಗ ಅವರು ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ನಾನು ಕೇಳಿದರೆ "ಉಸಿರು ಸರಿ ಬರ್ತಿದ್ಯಾ ನೋಡ್ಕೊ" ಎನ್ನುತ್ತಿದ್ದರು. ಸದ್ದಿನ ಭಯ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಯುಗಾದಿ ಹೊತ್ತಿಗೆ ನಿದ್ದೆ ಬರುತ್ತಿತ್ತು.

ಜೂನಿನಲ್ಲಿ ಶಾಲೆಗೆ ಮರಳಿದೆ. ಪ್ರಾರ್ಥನೆ ಮುಗಿದು ಮೌನ ಬಂದಾಗ ಮುಂದಿನ ಸಾಲಿನ ಪುಟ್ಟ ಮಕ್ಕಳಿಗೆ ಸದ್ದು ಕೇಳಿತು. "ಮಿಸ್, ನಿಮ್ ವಾಚ್ ಎಲ್ಲಿದೆ?" ಎಂದು ಒಬ್ಬ ಕೇಳಿದ. ಅವತ್ತು ಪಾಠ ಬಿಟ್ಟು ಕಪ್ಪುಹಲಗೆಯ ಮೇಲೆ ಹೃದಯ ಬರೆದು ಎಲ್ಲವನ್ನೂ ಹೇಳಿದೆ. ಗಂಟಲು ನೋವಿನಿಂದ ಶುರುಮಾಡಿ ಹೇಳಿದೆ. ಯಾರಿಗಾದರೂ ಗಂಟಲು ನೋವು, ಜ್ವರ ಬಂದರೆ, ಮಂಡಿ ಊದಿಕೊಂಡರೆ ನನಗೆ ಹೇಳಬೇಕು ಎಂದೆ. ಮಕ್ಕಳು ಇಂಥ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆಂದರೆ, ಮಾರನೇ ದಿನ ಅರ್ಧ ಕ್ಲಾಸು ಬಾಯಿ ತೆರೆದು ನಿಂತಿತ್ತು.

ನಾನೂ ಮಕ್ಕಳ ನಡುವೆ ಇರುವವಳಾದ್ದರಿಂದ ನನಗೆ ಮತ್ತೆ ಆ ಸೋಂಕು ಬರದಂತೆ ಪೆನ್ಸಿಲಿನ್ ಮಾತ್ರೆ ದಿನಾ ನಡೆದಿದೆ. ಮುಂಚೆ ಇಪ್ಪತ್ತೊಂದು ದಿನಕ್ಕೊಮ್ಮೆ ಇಂಜೆಕ್ಷನ್ ಇತ್ತು. ಈಗ ರಕ್ತ ತೆಳುವಾಗಿರುವುದರಿಂದ ಸ್ನಾಯುವಿಗೆ ಸೂಜಿ ಹಾಕಿದರೆ ಒಳಗೇ ರಕ್ತ ಕಟ್ಟಬಹುದೆಂದು ಮಾತ್ರೆಗೆ ಬದಲಿಸಿದರು.

ಆಗಸ್ಟಿನಲ್ಲಿ ಮಳೆ ಪೂರ್ತಿ ಕೈಕೊಟ್ಟಿತ್ತು. ಬದುವಿನಲ್ಲಿ ಬೆರಕೆ ಸೊಪ್ಪೂ ಇಲ್ಲ. ಆ ತಿಂಗಳಲ್ಲೇ ನಮ್ಮ ಶಾಲೆಯ ಒಬ್ಬಳು ಹುಡುಗಿ ಕುಂಟುತ್ತ ಬಂದಳು. ಹಿಂದಿನ ದಿನ ಎಡ ಮಂಡಿ ನೋವೆಂದಿದ್ದವಳಿಗೆ ಅವತ್ತು ಬಲಗಾಲ ಹಿಮ್ಮಡಿ ಗಂಟು ಊದಿತ್ತು. ಹಾಜರಿ ಪುಸ್ತಕ ತೆಗೆದು ನೋಡಿದೆ. ಎರಡು ಮೂರು ವಾರದ ಹಿಂದೆ ಜ್ವರ, ಗಂಟಲು ನೋವೆಂದು ರಜೆ ಹಾಕಿದ್ದಳು. ನನ್ನ ಕೈ ತಣ್ಣಗಾಯಿತು. ಅವಳ ತಾಯಿ ಕಾಯಿ ಪೌಡರ್ ಫ್ಯಾಕ್ಟರಿಯಲ್ಲಿ ದಿನಗೂಲಿಗೆ ಹೋಗುವ ಹೆಂಗಸು. ಸಂಜೆ ಮನೆಗೆ ಹೋದಾಗ ಮಗಳ ಕಾಲಿಗೆ ಎಣ್ಣೆ ನೀವುತ್ತ ಕೂತಿದ್ದಳು.

"ಬೆಳೆಯೋ ಮಕ್ಳಿಗೆ ಆಗತ್ತಂತಲ್ಲ ಮಿಸ್," ಅಂದಳು.

ಬ್ಲೌಸಿನ ಕತ್ತಿನಿಂದ ಮೇಲೆ ಕಾಣುವ ಗಾಯದ ಗೆರೆಯನ್ನು ಅವಳಿಗೆ ತೋರಿಸಿದೆ. ಅದುವರೆಗೆ ಅದನ್ನು ಸೆರಗಿನಿಂದ ಮುಚ್ಚಿಕೊಂಡೇ ಓಡಾಡಿದ್ದೆ.

ಮರುದಿನ ಮೂವರೂ ತಾಲ್ಲೂಕು ಆಸ್ಪತ್ರೆಗೆ ಹೋದೆವು. ರಕ್ತಪರೀಕ್ಷೆ, ಅಲ್ಲಿಂದ ಹೃದಯದ ಎಕೋ ಸ್ಕ್ಯಾನ್. ಮೈಟ್ರಲ್ ಕವಾಟದಲ್ಲಿ ಸಣ್ಣ ಸೋರಿಕೆ. ಈಗ ಹಿಡಿದಿರುವುದರಿಂದ ಮತ್ತೆ ಸೋಂಕು ಬರದಂತೆ ಕಾದರೆ ಹೆಚ್ಚಾಗದೆ ನಿಲ್ಲಬಹುದು, ಕೆಲವು ಮಕ್ಕಳಲ್ಲಿ ಕಡಿಮೆಯೂ ಆಗುತ್ತದೆ ಎಂದರು. ಬೆಂಜಥೀನ್ ಪೆನ್ಸಿಲಿನ್, ಇಪ್ಪತ್ತೊಂದು ದಿನಕ್ಕೊಂದು, ಕನಿಷ್ಠ ಹತ್ತು ವರ್ಷ. ಸೂಜಿ ದಪ್ಪ, ನೋವು ಜಾಸ್ತಿ, ಮಗು ಮೊದಲ ದಿನ ಬಹಳ ಅತ್ತಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುತ್ತದೆ, ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಇದೆ. ಆದರೆ ಊದಿದ ಮಂಡಿ ತಂಡ ಬರುವವರೆಗೆ ಕಾಯುವುದಿಲ್ಲ. ಅದನ್ನು ದಿನಾ ನೋಡುವವರು ತಾಯಿ, ಆಮೇಲೆ ಶಾಲೆಯವರು.

ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗುತ್ತದೆ. ಕಷ್ಟ ಇರುವುದು ತಾಯಿಯ ಕೂಲಿಯದು. ಪ್ರತಿ ಸಲ ಒಂದು ದಿನದ ದುಡಿಮೆ ಹೋಗುತ್ತದೆ. ಎರಡು ಸಲ ತಪ್ಪಿದರೆ ಮೂರನೆಯದು ತಾನಾಗಿ ತಪ್ಪುತ್ತದೆ ಎಂದು ನನಗೆ ಅನಿಸಿತು. ನಮ್ಮ ಶಾಲೆಯವರು ಮಾತಾಡಿಕೊಂಡು, ಶಿಕ್ಷಕರಲ್ಲಿ ಯಾರಾದರೊಬ್ಬರು ಅವಳನ್ನು ಕರೆದುಕೊಂಡು ಹೋಗುವುದೆಂದು ಗೊತ್ತುಮಾಡಿದೆವು. ಹೆಚ್ಚಾಗಿ ನಾನೇ ಹೋಗುತ್ತೇನೆ. ಸೂಜಿ ಹಾಕುವಾಗ ಅವಳು ನನ್ನ ಎದೆಗೆ ಕಿವಿಯಿಟ್ಟು ಟಿಕ್ ಟಿಕ್ ಎಣಿಸುತ್ತಾಳೆ. ಮೂವತ್ತಕ್ಕೆ ಬರುವಷ್ಟರಲ್ಲಿ ಆಗಿಬಿಡುತ್ತದೆ.

ದಸರಾ ರಜೆಯಲ್ಲಿ ಒಂದು ಇಂಜೆಕ್ಷನ್ ಬಂತು, ಅದನ್ನು ಅವಳ ತಾಯಿಯೇ ಹಾಕಿಸಿಕೊಂಡು ಬಂದಳು. ನವೆಂಬರಿನಲ್ಲಿ ನನ್ನ ಆಪರೇಷನ್ನಿಗೆ ವರ್ಷ ತುಂಬಿತು, ಎಕೋಗೆ ಬನ್ನಿ ಎಂದು ಬೆಂಗಳೂರಿನಿಂದ ತಾರೀಖು ಕೊಟ್ಟರು. ಕ್ಯಾಲೆಂಡರ್ ನೋಡಿದರೆ ಅದು ಅವಳ ಇಂಜೆಕ್ಷನ್ ದಿನವೇ. ಆ ವಾರ ಕರೆದುಕೊಂಡು ಹೋಗಲು ಬೇರೆ ಯಾರಿಗೂ ಬಿಡುವಿರಲಿಲ್ಲ. ಫೋನ್ ಮಾಡಿ ನನ್ನದನ್ನು ಮುಂದಿನ ವಾರಕ್ಕೆ ಹಾಕಿಸಿಕೊಂಡೆ. ಅವಳದ್ದನ್ನು ಮುಂದಕ್ಕೆ ಹಾಕುವಂತಿರಲಿಲ್ಲ.